ತಂಬೂರಿ ಹಿಡಿದವರ ಜಾಗ

ನಾನು ಓದಿದ ಬಸವನಗುಡಿಯ ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ಒಂದು ವಿಚಿತ್ರ ನಿಯಮವಿತ್ತು. ವಿಷಯದ ಪರವಾಗಿ ಮಾತಾಡಿದವನೇ ಹತ್ತು ನಿಮಿಷ ಬಿಟ್ಟು ವಿರೋಧವಾಗಿಯೂ ಮಾತಾಡಬೇಕು. ಎರಡರ ಅಂಕ ಕೂಡಿಸಿ ಬಹುಮಾನ. ಅಂದು ನಮಗೆ ಅದು ಮೇಷ್ಟ್ರ ತಲೆಹರಟೆ ಎನ್ನಿಸಿತ್ತು. ಮೂವತ್ತು ವರ್ಷ ಪುಸ್ತಕಗಳ ಮುಖಪುಟ ಬರೆದು, ಶೀರ್ಷಿಕೆಯ ಅಕ್ಷರ ಬಿಡಿಸಿ ಸಂಸಾರ ನಡೆಸಿದ ಮೇಲೆ, ‘ತಂತ್ರಜ್ಞಾನದಿಂದ ಕಲೆಯ ಕಸುಬುಗಳಲ್ಲಿ ಮನುಷ್ಯನ ಸೃಜನಶೀಲತೆ ಬೆಳೆಯುತ್ತಿದೆಯೇ, ಬತ್ತುತ್ತಿದೆಯೇ’ ಎಂಬ ಪ್ರಶ್ನೆಯನ್ನು ಯಾರಾದರೂ ಮುಂದಿಟ್ಟರೆ ಆ ಮೇಷ್ಟ್ರ ನಿಯಮಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಆದ್ದರಿಂದ ಎರಡೂ ಪಕ್ಷವನ್ನು ನಾನೇ ಬರೆದಿದ್ದೇನೆ. ಎರಡರ ತೂಕವೂ ಸಮನಾಗಿದೆ ಎಂದು ಮಾತ್ರ ಹೇಳಲಾರೆ.

ಪರ

ನಮ್ಮ ಮನೆಯಲ್ಲಿ ಬೆಳಗಿನ ಜಾವ ಐದಕ್ಕೆ ಮೊದಲು ಏಳುತ್ತಿದ್ದವಳು ಅಕ್ಕ. ಅವಳ ಸಾಧಕಕ್ಕೆ, ಎಂದರೆ ದಿನದ ಹಾಡಿನ ಅಭ್ಯಾಸಕ್ಕೆ, ತಂಬೂರಿ ಬೇಕು, ತಂಬೂರಿಗೆ ಶ್ರುತಿ ಕೂಡಿಸಬೇಕು. ಬಿರಡೆ ತಿರುಗಿಸಿ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸಿದ ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ನಾಲ್ಕು ತಂತಿಗಳೂ ಒಂದರೊಳಗೊಂದು ಕರಗುವ ಹೊತ್ತಿಗೆ ಎಷ್ಟೋ ದಿನ ಅರ್ಧ ಗಂಟೆ ಕಳೆದಿರುತ್ತಿತ್ತು. ಆಮೇಲೆ ಅದನ್ನು ಮೀಟುವುದಕ್ಕೆ ಒಬ್ಬರು ಕೂರಬೇಕು. ಆ ಒಬ್ಬರು ನಿದ್ದೆಗಣ್ಣಿನ ನಾನು. ಅವಳು ಎರಡು ವರ್ಣ ಹಾಡಿ ಮುಗಿಸುವಷ್ಟರಲ್ಲಿ ನನ್ನ ಬೆರಳು ಅವಸರಕ್ಕೆ ಬೀಳುತ್ತಿತ್ತು. ‘ಓಡಿಸಬೇಡ್ವೋ’ ಎಂದು ಅಕ್ಕ ಕಣ್ಣು ಬಿಡದೆಯೇ ಗದರುತ್ತಿದ್ದಳು.

ಬೆಂಗಳೂರಿನಲ್ಲಿ ರೇಡೆಲ್ ಸಂಸ್ಥೆಯನ್ನು ಕಟ್ಟಿದ ಜಿ. ರಾಜ್‌ನಾರಾಯಣ್ ಎಂಜಿನಿಯರ್ ಆಗಿದ್ದಂತೆಯೇ ಕೊಳಲು ವಾದಕರೂ ಆಗಿದ್ದವರು. ಈ ಪಾಡು ಅವರಿಗೆ ಹೊಸದೇನಲ್ಲ. 1970ರ ದಶಕದ ಕೊನೆಯ ಹೊತ್ತಿಗೆ ಅವರು ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೆಲವು ವರ್ಷಗಳ ನಂತರ ನಮ್ಮ ಮನೆಗೂ ಬಂತು. ಗುಂಡಿ ಒತ್ತಿ, ತಿರುಗಣಿ ತಿರುಗಿಸಿದರೆ ಶ್ರುತಿ ಸಿದ್ಧ. ‘ಇದರಲ್ಲಿ ಜೀವವಿಲ್ಲ’ ಎಂದು ಅಕ್ಕನ ಗುರುಗಳು ಮುಖ ಸಿಂಡರಿಸಿದರು. ಅವರ ಮಾತು ಸುಳ್ಳೇನಲ್ಲ. ಆದರೆ ಅಕ್ಕನಿಗೆ ದಿನಕ್ಕೆ ಅರ್ಧ ಗಂಟೆ ಹೆಚ್ಚು ಹಾಡುವುದಕ್ಕೆ ಸಿಕ್ಕಿತು, ಮದುವೆಯಾಗಿ ಗಂಡನ ಮನೆಗೆ ಹೋದ ಮೇಲೂ ಯಾರ ಹಂಗಿಲ್ಲದೆ ಸಾಧಕ ನಡೆಯಿತು. ತಂಬೂರಿ ಇಡಲು ಜಾಗವಿಲ್ಲದ, ಅದನ್ನು ಮೀಟುವ ಮನುಷ್ಯರಂತೂ ಇಲ್ಲವೇ ಇಲ್ಲದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಹಾಡು ಬಿಡದೆ ಉಳಿದದ್ದು ಆ ಪೆಟ್ಟಿಗೆಯ ದೆಸೆಯಿಂದ ಎಂದರೆ ಅತಿಶಯೋಕ್ತಿಯಾಗದು.

ತಂತ್ರಜ್ಞಾನ ಸೃಜನಶೀಲತೆಗೆ ಏನು ಮಾಡುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ಆಗಲೇ ಗೆದ್ದು ಕುಳಿತ ಕಲಾವಿದರ ಕಡೆ ನೋಡಿ ಕೇಳುತ್ತಾರೆ. ಬಾಗಿಲ ಹೊರಗೆ ನಿಂತವರ ಕಡೆ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ, ಏಕೆಂದರೆ ಅದಕ್ಕೆ ಬೇಕಾದ ಸ್ಟುಡಿಯೋ, ಸಲಕರಣೆ ಇಲ್ಲಿರಲಿಲ್ಲ. ಅನಂತರದ ಎಷ್ಟೋ ದಶಕ ಕನ್ನಡ ಸಿನಿಮಾ ಮದ್ರಾಸಿನಲ್ಲಿ ಬಿಡಾರ ಹೂಡಿತ್ತು. ಒಂದು ಹಾಡು ಧ್ವನಿಮುದ್ರಣವಾಗಬೇಕಾದರೂ ರೈಲು ಹತ್ತಬೇಕು, ಅಲ್ಲಿನ ಸ್ಟುಡಿಯೋದ ಬಿಡುವು ಕಾಯಬೇಕು, ಲಾಡ್ಜಿನ ಬಾಡಿಗೆ ಏರುತ್ತಿರುವಾಗಲೇ ಟೇಕ್ ಮುಗಿಸಬೇಕು. ಆ ಖರ್ಚು ತಾಳಲಾರದೆ ಹಾಡಾಗದೆ ಉಳಿದ ಕನ್ನಡದ ರಾಗಗಳೆಷ್ಟೋ, ಲೆಕ್ಕವಿಟ್ಟವರಿಲ್ಲ. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿಯೇ ಸಂಕೇತ್ ಧ್ವನಿಮುದ್ರಣ ಸ್ಟುಡಿಯೋ ತೆರೆದಾಗ ಇಲ್ಲಿನ ವಾದ್ಯಗಾರರಿಗೆ, ಗಾಯಕರಿಗೆ ಮನೆಯೂಟ ಮಾಡಿಕೊಂಡು ಬಂದು ಹಾಡುವ ಭಾಗ್ಯ ಸಿಕ್ಕಿತು. ಈಗ ನನ್ನ ಸೋದರಳಿಯನಿಗೆ ಆ ಸ್ಟುಡಿಯೋದ ಅಗತ್ಯವೂ ಇಲ್ಲ. ಕೆಂಗೇರಿ ಉಪನಗರದ ಅವನ ಕೋಣೆಯ ಗೋಡೆಗೆ ಹಳೆಯ ಹಾಸಿಗೆ ಒರಗಿಸಿದ್ದಾನೆ, ಒಂದು ಮೈಕು, ಒಂದು ಲ್ಯಾಪ್‌ಟಾಪ್. ತಾನು ಗುನುಗಿದ ಧಾಟಿಗೆ ಕಂಪ್ಯೂಟರಿನ ಇಪ್ಪತ್ತು ಪಿಟೀಲುಗಳನ್ನು ಕೂಡಿಸಿ ನಿರ್ದೇಶಕರಿಗೆ ಕೇಳಿಸುತ್ತಾನೆ. ಅವರು ಒಪ್ಪಿ ದುಡ್ಡು ಬಿಚ್ಚಿದರೆ ಇಬ್ಬರು ನಿಜವಾದ ಪಿಟೀಲು ವಾದಕರನ್ನು ಕರೆಸುತ್ತಾನೆ. ‘ಮಾವ, ಮೊದಲೆಲ್ಲ ದುಡ್ಡಿದ್ದೋರ ಕಿವಿಗೆ ಮಾತ್ರ ಆರ್ಕೆಸ್ಟ್ರಾ ಕೇಳಿಸ್ತಿತ್ತು’ ಎಂದು ಅವನು ಒಮ್ಮೆ ಹೇಳಿದ್ದಕ್ಕೆ ನನ್ನ ಬಳಿ ಮರುಮಾತಿರಲಿಲ್ಲ.

ಕ್ಯಾಸೆಟ್ಟಿನ ಕಥೆಯೂ ಹೀಗೆಯೇ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಕ್ಯಾಸೆಟ್ಟಾಗಿ ಬಂದಾಗ ಕವಿತೆ ಪುಸ್ತಕದ ಕಪಾಟಿನಿಂದ ಇಳಿದು ಅಡುಗೆಮನೆಗೆ ಹೋಯಿತು. ಪುಸ್ತಕವನ್ನೇ ಕೊಳ್ಳದವರ ನಾಲಿಗೆಯ ಮೇಲೆ ಕನ್ನಡದ ಕವಿಗಳು ನಿಂತರು. ಸುಗಮ ಸಂಗೀತ ಎಂಬ ಪ್ರಕಾರಕ್ಕೆ ಇಷ್ಟು ದೊಡ್ಡ ಕೇಳುಗರ ಬಳಗ ಸಿಕ್ಕಿದ್ದರಲ್ಲಿ ಆ ಕೈಯಗಲದ ಪ್ಲಾಸ್ಟಿಕ್ ಡಬ್ಬಿಯ ಪಾಲು ಸಣ್ಣದೇನಲ್ಲ.

ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಚಾಮರಾಜಪೇಟೆಯಲ್ಲಿ ನಮ್ಮ ಚಿಕ್ಕಪ್ಪನ ಅಚ್ಚುಕೂಟವಿತ್ತು. ಮೊಳೆ ಜೋಡಿಸುವವರು ಖಾನೆಗಳ ಮುಂದೆ ದಿನವಿಡೀ ನಿಂತು, ತಲೆಕೆಳಗಾದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುತ್ತಿದ್ದರು. ಇಂಗ್ಲಿಷಿನಂತೆ ಇಪ್ಪತ್ತಾರು ಅಕ್ಷರಗಳಲ್ಲಿ ಮುಗಿಯುವ ವ್ಯವಹಾರವಲ್ಲ ಅದು. ಗುಣಿತಾಕ್ಷರಕ್ಕೊಂದು ಮೊಳೆ, ಒತ್ತಕ್ಷರಕ್ಕೊಂದು ಮೊಳೆ. ಕವನ ಸಂಕಲನದ ಶೀರ್ಷಿಕೆಗೆ ದಪ್ಪ ಅಕ್ಷರ ಬೇಕೆಂದರೆ ‘ಳ’ ಒಂದೇ ಇದೆ, ಎರಡು ‘ಳ’ ಇರುವ ಹೆಸರಿಡಬೇಡಿ ಎಂದು ಚಿಕ್ಕಪ್ಪ ಕವಿಗಳೊಬ್ಬರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆ ಕವಿ ಹೆಸರು ಬದಲಿಸಿದರು! ಮುಖಪುಟದಲ್ಲಿ ಮೂರನೆಯ ಬಣ್ಣ ಬೇಕಾದರೆ ಇನ್ನೊಂದು ಬ್ಲಾಕಿನ ಖರ್ಚು. ಹಾಗಾಗಿ ಹೊಸಬರ ಪುಸ್ತಕಗಳೆಲ್ಲ ಎರಡೇ ಬಣ್ಣ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು – ಇವು ಬಂದ ಮೇಲೆ ಯಾವ ಕವಿಗೂ ಮೊಳೆ ಸಾಲದೆಂದು ಶೀರ್ಷಿಕೆ ಬದಲಿಸುವ ಗತಿ ಬರಲಿಲ್ಲ. ಪ್ರಕಾಶಕರ ಹಂಗಿಲ್ಲದೆ ತಮ್ಮ ಮೊದಲ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿದವರು ಇಂದು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರಲ್ಲಿ ಹಲವರದು ಓದಲಾಗದ ಬರಹ ಎಂಬುದು ನಿಜ, ಆದರೆ ಅದು ಮೊಳೆ ಕಾಲದಲ್ಲೂ ಇತ್ತು.

ಸಿನಿಮಾದಲ್ಲಿ ಫಿಲ್ಮ್ ರೀಲು ಹೋಗಿ ಡಿಜಿಟಲ್ ಕ್ಯಾಮೆರಾ ಬಂದದ್ದರ ಫಲವನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ಪವನ್ ಕುಮಾರ್ 2013ರ ‘ಲೂಸಿಯಾ’ ಚಿತ್ರಕ್ಕೆ ಗಾಂಧಿನಗರದ ಫೈನಾನ್ಸಿಯರುಗಳ ಬಾಗಿಲು ಕಾಯದೆ, ಅಂತರ್ಜಾಲದ ಮೂಲಕ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ಆ ಮೊತ್ತಕ್ಕೆ ರೀಲಿನ ಕಾಲದಲ್ಲಿ ಅಂಥ ಚಿತ್ರದ ಕನಸು ಕಾಣುವುದೂ ಕಷ್ಟವಿತ್ತು. 2025ರಲ್ಲಿ ಇದೇ ಊರಿನಲ್ಲಿ ಸುಮಾರು 10 ಲಕ್ಷ ರೂಪಾಯಿಯಲ್ಲಿ, ನಟರೇ ಇಲ್ಲದೆ, ಪೂರ್ತಿಯಾಗಿ ಕೃತಕ ಬುದ್ಧಿಮತ್ತೆಯಿಂದ ತಯಾರಾದ ಕನ್ನಡ ಚಿತ್ರವೊಂದು ಸೆನ್ಸಾರ್ ಪ್ರಮಾಣಪತ್ರವನ್ನೂ ಪಡೆಯಿತು. ಚಿತ್ರ ಹೇಗಿದೆ ಎಂಬುದು ಬೇರೆ ಮಾತು. ಮೊದಲು ಹಣವಂತರು ಮಾತ್ರ ಮಾಡಬಹುದಾಗಿದ್ದ ತಪ್ಪನ್ನು ಈಗ ಮಧ್ಯಮವರ್ಗದವರೂ ಮಾಡಬಹುದು ಎಂಬುದೇನು ಸಣ್ಣ ಸಂಗತಿಯೇ? ತಪ್ಪು ಮಾಡುವ ಅವಕಾಶವಿಲ್ಲದೆ ಯಾವ ಕಲೆಯೂ ಕೈಗೆ ಹತ್ತುವುದಿಲ್ಲ. ಹಿಂದಿಗೋ ತೆಲುಗಿಗೋ ಇರುವಷ್ಟು ಮಾರುಕಟ್ಟೆ ಇಲ್ಲದ ಕನ್ನಡಕ್ಕೆ ಖರ್ಚು ಇಳಿಯುವುದೆಂದರೆ ಉಸಿರಾಡಲು ಜಾಗ ಸಿಕ್ಕಂತೆ. ಅನಿಮೇಷನ್, ಗೇಮಿಂಗ್ ಉದ್ಯಮಗಳಿಗೆಂದೇ 2012ರಲ್ಲಿ ದೇಶದಲ್ಲಿ ಮೊದಲು ನೀತಿ ರೂಪಿಸಿದ್ದು ಕರ್ನಾಟಕ. ಅಂಥ ಕಂಪನಿಗಳಲ್ಲಿ ಇಂದು ಕುಳಿತಿರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಚಿತ್ರ ಬರೆದು ಸಂಬಳ ಪಡೆಯಬಹುದು ಎಂಬ ಸಂಗತಿಯೇ ಅವರ ಅಪ್ಪ ಅಮ್ಮಂದಿರ ಕಾಲದಲ್ಲಿ ಗೊತ್ತಿರಲಿಲ್ಲ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಕಲ್ಪನೆ ಸತ್ತೇಹೋಯಿತು ಎನ್ನುವವರು ಒಂದು ಪ್ರಯೋಗವನ್ನು ಗಮನಿಸಬೇಕು. ಅನಿಲ್ ದೋಶಿ ಮತ್ತು ಆಲಿವರ್ ಹೌಸರ್ 2024ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 300 ಮಂದಿಗೆ ಎಂಟೇ ವಾಕ್ಯಗಳ ಕಥೆ ಬರೆಯಲು ಹೇಳಲಾಯಿತು. ಕೆಲವರಿಗೆ ಯಂತ್ರ ಕೊಟ್ಟ ಹೊಳಹುಗಳನ್ನು ನೋಡುವ ಅವಕಾಶವಿತ್ತು, ಕೆಲವರಿಗಿರಲಿಲ್ಲ. ಹೊಳಹು ಪಡೆದವರ ಕಥೆಗಳು ಹೆಚ್ಚು ಹೊಸತಾಗಿವೆ, ಓದಿಸಿಕೊಳ್ಳುತ್ತವೆ ಎಂದು ಅವನ್ನು ಓದಿದವರು ಅಂಕ ಕೊಟ್ಟರು. ಅದರಲ್ಲೂ ಸಹಜವಾಗಿ ಕಲ್ಪನೆ ಕಡಿಮೆ ಇದ್ದವರಿಗೆ ಲಾಭ ಹೆಚ್ಚಾಯಿತು. ಎಂದರೆ ಶ್ರುತಿಪೆಟ್ಟಿಗೆ ಅಕ್ಕನಿಗೆ ಮಾಡಿದ್ದನ್ನೇ ಇದು ಬರೆಯುವವರಿಗೆ ಮಾಡಿತು. ಶ್ರುತಿ ಯಾರೇ ಕೊಡಲಿ, ಹಾಡಬೇಕಾದವಳು ಅವಳೇ.

ವಿರೋಧ

ಮೇಲಿನ ಬರಹದಲ್ಲಿ ಒಬ್ಬ ಹುಡುಗನನ್ನು ಬೇಕೆಂದೇ ಬಾಗಿಲ ಹಿಂದೆ ನಿಲ್ಲಿಸಿ ಬಂದಿದ್ದೇನೆ. ಶ್ರುತಿಪೆಟ್ಟಿಗೆ ಬಂದ ಮೇಲೆ ಬೆಳಗಿನ ಐದು ಗಂಟೆಗೆ ಏಳುವ ಕಾಟ ತಪ್ಪಿದ ಆ ತಮ್ಮ ಏನಾದ?

ಮೂರು ವರ್ಷ ತಂಬೂರಿ ಮೀಟಿದ್ದರಿಂದ, ಒಂದು ದಿನವೂ ಪಾಠಕ್ಕೆ ಕೂರದ ನನಗೆ ಇವತ್ತಿಗೂ ಮೂವತ್ತು ನಲವತ್ತು ರಾಗಗಳ ಗುರುತು ಸಿಗುತ್ತದೆ. ಅಕ್ಕ ಎಲ್ಲಿ ಎಡವಿದಳು, ಎರಡನೆಯ ಸಲ ಅದೇ ಸಂಗತಿಯನ್ನು ಹೇಗೆ ದಾಟಿದಳು ಎಂಬುದು ಬೆರಳು ತಂತಿಯ ಮೇಲಿದ್ದಾಗಲೇ ಕಿವಿಗಿಳಿಯಿತು. ಪೆಟ್ಟಿಗೆ ಬಂದ ಮೇಲೆ ನನ್ನ ಕಲಿಕೆ ಅಲ್ಲಿಗೇ ನಿಂತಿತು. ಕಛೇರಿಗಳಲ್ಲಿ ವಿದ್ವಾಂಸರ ಬೆನ್ನ ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದವರು ಸಾಮಾನ್ಯವಾಗಿ ಶಿಷ್ಯರು. ಗುರು ಸಭೆಯ ಮುಖ ನೋಡಿ ರಾಗವನ್ನು ಹೇಗೆ ಬೆಳೆಸುತ್ತಾರೆ, ಮೃದಂಗದವರಿಗೆ ಹೇಗೆ ಕಣ್ಸನ್ನೆ ಮಾಡುತ್ತಾರೆ, ಗಂಟಲು ಕೈಕೊಟ್ಟ ದಿನ ಹೇಗೆ ಮರ್ಯಾದೆ ಉಳಿಸಿಕೊಳ್ಳುತ್ತಾರೆ ಎಂಬುದನ್ನೆಲ್ಲ ಕಲಿಯುವ ಜಾಗ ಅದಾಗಿತ್ತು. ಪೆಟ್ಟಿಗೆ ಶ್ರುತಿಯನ್ನು ಕೊಟ್ಟಿತು, ಜಾಗವನ್ನು ತೆಗೆದುಕೊಂಡಿತು. ತಂತ್ರಜ್ಞಾನದ ವಿರುದ್ಧ ನನ್ನ ದೂರು ಇಷ್ಟೇ: ಅದು ಬಲ್ಲವರ ಕೈಗೆ ಬಲ ಕೊಡುತ್ತದೆ, ಬಲ್ಲವರಾಗುವ ದಾರಿಯ ಮೊದಲ ಮೆಟ್ಟಿಲುಗಳನ್ನು ಕಿತ್ತುಹಾಕುತ್ತದೆ.

ಇದೇನು ಸಂಗೀತಕ್ಕೆ ಮಾತ್ರ ಅಂಟಿದ್ದಲ್ಲ. ಮೆಜೆಸ್ಟಿಕ್, ಗಾಂಧಿನಗರದ ಚಿತ್ರಮಂದಿರಗಳ ಮುಂದೆ ನಾಲ್ಕಾಳೆತ್ತರದ ಕಟೌಟುಗಳು ನಿಲ್ಲುತ್ತಿದ್ದ ಕಾಲದಲ್ಲಿ, ಕಾಲೇಜಿನ ರಜೆಗಳಲ್ಲಿ ನಾನು ಒಂದು ಬ್ಯಾನರ್ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಮೊದಲ ರಜೆಯಿಡೀ ಬ್ರಷ್ ತೊಳೆದೆ, ಬಟ್ಟೆಗೆ ಬಿಳಿ ಬಳಿದೆ. ಎರಡನೆಯ ರಜೆಯಲ್ಲಿ ಚೌಕ ಹಾಕುವ ಕೆಲಸ ಕೊಟ್ಟರು: ಅಂಗೈಯಗಲದ ಫೋಟೋದ ಮೇಲೆ ಪೆನ್ಸಿಲಿನಿಂದ ಸಣ್ಣ ಚೌಕಗಳು, ಇಪ್ಪತ್ತಡಿ ಬಟ್ಟೆಯ ಮೇಲೆ ಸುಣ್ಣದ ದಾರದಿಂದ ದೊಡ್ಡ ಚೌಕಗಳು, ಒಂದೊಂದು ಚೌಕದೊಳಗಿನ ಗೆರೆಯನ್ನು ಅಳತೆಗೆ ತಕ್ಕಂತೆ ಹಿಗ್ಗಿಸಿ ಬರೆಯುವುದು. ಮೂಗಿನ ತುದಿ ಒಂದು ಚೌಕದಲ್ಲಿ, ಹೊಳ್ಳೆ ಇನ್ನೊಂದರಲ್ಲಿ. ಹತ್ತಿರದಿಂದ ನೋಡಿದರೆ ಏನೂ ತಿಳಿಯದು. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ, ಓಡಿ ಬಂದು ತಿದ್ದಬೇಕು. ಆಮೇಲೆ ಹಿನ್ನೆಲೆಯ ಆಕಾಶ, ಆಮೇಲೆ ಅಂಗಿಯ ಮಡಿಕೆ, ಆಮೇಲೆ ಅಕ್ಷರ. ಮುಖ ಬರೆಯುವ ಹಕ್ಕು ಯಜಮಾನರಿಗೆ ಮಾತ್ರ. ನನಗೆ ಮುಖದವರೆಗೆ ಹೋಗಲಾಗಲಿಲ್ಲ. ಆದರೆ ಇಂದು ನಾನು ಬರೆಯುವ ಶೀರ್ಷಿಕೆಗಳು ಅಂಗಡಿಯ ಆಚೆ ತುದಿಯಿಂದಲೂ ಓದಿಸಿಕೊಳ್ಳುತ್ತವೆ ಎಂದರೆ ಅದು ಆ ರಸ್ತೆ ದಾಟಿದ ಓಡಾಟದಿಂದ.

ಫ್ಲೆಕ್ಸ್ ಮುದ್ರಣ ಬಂದು ಕೆಲವೇ ವರ್ಷಗಳಲ್ಲಿ ಅಂಥ ಶೆಡ್ಡುಗಳು ಒಂದೊಂದಾಗಿ ಬಾಗಿಲು ಹಾಕಿದವು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅನಧಿಕೃತ ಫ್ಲೆಕ್ಸ್‌ಗಳ ವಿಷಯದಲ್ಲಿ ಕೆಂಡಕಾರಿ, ಬಿಬಿಎಂಪಿ ಅವನ್ನು ರಾಶಿಗಟ್ಟಲೆ ಕಿತ್ತುಹಾಕಿದಾಗ, ಇನ್ನು ಕೈಬರಹದ ಬ್ಯಾನರುಗಳು ಮರಳಿ ಬರುತ್ತವೆ ಎಂದು ನಾವು ಕೆಲವರು ಆಸೆಪಟ್ಟೆವು. ನನ್ನ ಪರಿಚಯದ ಒಬ್ಬರಿಗೆ ಅಂಥದ್ದೊಂದು ದೊಡ್ಡ ಕೆಲಸ ಬಂತು ಕೂಡ. ಅವರು ಕೈಚೆಲ್ಲಿದರು: ಚೌಕ ಹಾಕುವುದಕ್ಕೆ ಒಬ್ಬ ಹುಡುಗನೂ ಸಿಗಲಿಲ್ಲ. ಯಂತ್ರವನ್ನು ಒಂದು ದಿನ ನಿಷೇಧಿಸಬಹುದು, ಇಪ್ಪತ್ತು ವರ್ಷ ಯಾರೂ ಕಲಿಯದ ಕೈಚಳಕವನ್ನು ಆದೇಶ ಹೊರಡಿಸಿ ತರಿಸಲಾಗದು.

ಹಿಂದೆಯೂ ಹೀಗೇ ಆಗಿದೆ, ಮೊಳೆ ಹೋಗಿ ನುಡಿ ಬಂತು, ಜಗತ್ತೇನೂ ಮುಳುಗಲಿಲ್ಲ ಎಂದು ನನ್ನ ‘ಪರ’ದ ಬರಹವೇ ವಾದಿಸುತ್ತದೆ. ಆ ಯಂತ್ರಗಳಿಗೂ ಈಗ ಬಂದಿರುವುದಕ್ಕೂ ಒಂದು ವ್ಯತ್ಯಾಸವಿದೆ. ನುಡಿಯಾಗಲಿ ಶ್ರುತಿಪೆಟ್ಟಿಗೆಯಾಗಲಿ ಡಿಜಿಟಲ್ ಕ್ಯಾಮೆರಾವಾಗಲಿ ಏನು ಮಾಡಲಿ ಎಂದು ನಮ್ಮನ್ನು ಕಾಯುತ್ತಿದ್ದವು. ಕೃತಕ ಬುದ್ಧಿಮತ್ತೆ ಮೊದಲೇ ಮಾಡಿಟ್ಟು, ಹಿಡಿಸಿತೇ ಎಂದು ಕೇಳುತ್ತದೆ. ಖಾಲಿ ಹಾಳೆಯ ಮುಂದೆ ಕೂತು ಒದ್ದಾಡುವ ಹೊತ್ತನ್ನೇ ಅದು ತಿಂದುಬಿಡುತ್ತದೆ, ಮುಖಪುಟ ಹುಟ್ಟುವುದು ಆ ಹೊತ್ತಿನಲ್ಲಿ ಎಂಬುದು ಅದನ್ನು ಮಾಡದವರಿಗೆ ತಿಳಿಯದು. ಒಂದು ಕಥಾಸಂಕಲನಕ್ಕೆ ಹಳ್ಳಿಯ ಬಾವಿ ಬೇಕೆಂದು ಪ್ರಕಾಶಕರು ಹೇಳಿದ್ದರು. ಬಾವಿ, ಕೊಡ, ನೀರು ಸೇದುವ ಹೆಂಗಸು ಎಂದು ಹದಿನೆಂಟು ಪುಟ್ಟ ಚಿತ್ರ ಗೀಚಿ, ಎಲ್ಲವೂ ಕ್ಯಾಲೆಂಡರಿನಂತೆ ಕಂಡು ಬೇಸತ್ತು, ರಾಟೆಯ ಮೇಲೆ ಹಗ್ಗ ಸವೆಸಿದ ಗುಳಿಯನ್ನು ಸುಮ್ಮನೆ ಬರೆಯುತ್ತಾ ಹೋದೆ. ಹಗ್ಗ ಬರೆಯುವುದನ್ನು ಮರೆತಿದ್ದೆ. ಹಗ್ಗವಿಲ್ಲದ, ಸವೆದ ರಾಟೆಯೇ ಮುಖಪುಟವಾಯಿತು. ಆ ಮರೆವು ನನಗೆ ಬರಬೇಕಾದರೆ ಹದಿನೆಂಟು ಕೆಟ್ಟ ಚಿತ್ರಗಳು ಆಗಲೇಬೇಕಿತ್ತು.

ಕಳೆದ ವರ್ಷ ಒಬ್ಬ ಪ್ರಕಾಶಕರು ಮಲೆನಾಡಿನ ಕಾದಂಬರಿಯೊಂದಕ್ಕೆ ತಾವೇ ಕಂಪ್ಯೂಟರಿನಲ್ಲಿ ಚಿತ್ರ ತೆಗೆಸಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರು. ‘ಚಿತ್ರ ಆಗಿದೆ ಸಾರ್, ಅಕ್ಷರ ಕೂರಿಸಿಕೊಟ್ಟರೆ ಸಾಕು.’ ನೋಡಲು ಚಂದವೇ ಇತ್ತು, ಮಂಜು, ಮಳೆ, ಹಸಿರು. ಕಣ್ಣು ಹೊಂದಿಸಿ ನೋಡಿದರೆ ಅಡಿಕೆ ಮರಗಳ ಬುಡ ತೆಂಗಿನಂತೆ ಊದಿಕೊಂಡಿತ್ತು. ಹೆಂಗಸಿನ ಸೆರಗು ಗುಜರಾತಿನವರಂತೆ ಬಲಭುಜದ ಮೇಲಿಂದ ಮುಂದಕ್ಕೆ ಬಿದ್ದಿತ್ತು. ಮಳೆಯಲ್ಲಿ ಗದ್ದೆಗೆ ಹೊರಟವನ ತಲೆಯ ಮೇಲೆ ಕಂಬಳಿಕೊಪ್ಪೆಯೂ ಇಲ್ಲ, ಗೊರಬೂ ಇಲ್ಲ, ಚೀನಾದ ರೈತರ ಚೂಪು ಟೋಪಿ. ಮನೆಗೆ ಜಗಲಿಯೇ ಇರಲಿಲ್ಲ. ಆ ಕಾದಂಬರಿಯ ಅರ್ಧ ಮಾತುಕತೆ ನಡೆಯುವುದು ಜಗಲಿಯ ಮೇಲೆ. ಇದನ್ನೆಲ್ಲ ವಿವರಿಸಿದಾಗ ಅವರು ‘ಅಷ್ಟೆಲ್ಲ ಯಾರು ನೋಡ್ತಾರೆ ಬಿಡಿ ಸಾರ್’ ಎಂದರು. ಮೊದಲು ಆರು ಸಾವಿರ ಕೊಡುತ್ತಿದ್ದ ಕೆಲಸಕ್ಕೆ ಎಂಟು ನೂರು ಕೊಟ್ಟರು. ತೆಗೆದುಕೊಂಡೆ, ಮನೆ ಬಾಡಿಗೆ ಕಟ್ಟಬೇಕಲ್ಲ. ಆ ಎಂಟು ನೂರು ನನ್ನಂಥ ತಲೆ ನರೆತವನನ್ನು ಕೊಲ್ಲುವುದಿಲ್ಲ, ಹೇಗೋ ನಡೆಯುತ್ತದೆ. ಚಿತ್ರಕಲಾ ಪರಿಷತ್ತಿನಂಥ ಕಡೆ ಓದು ಮುಗಿಸಿ ಹೊರಬರುವ ಇಪ್ಪತ್ತೆರಡರ ಹುಡುಗಿಗೆ ಮೊದಲ ಐದು ವರ್ಷ ಅನ್ನ ಕೊಡುತ್ತಿದ್ದುದು ಇಂಥ ಸಣ್ಣ ಕೆಲಸಗಳೇ: ಜಾಹೀರಾತಿನ ಮೂಲೆಯ ಚಿತ್ರ, ಮಕ್ಕಳ ಪಠ್ಯದ ಆನೆ, ಆಮಂತ್ರಣ ಪತ್ರಿಕೆಯ ಬಳ್ಳಿ. ದೊಡ್ಡ ಕೆಲಸಗಳು ಉಳಿದಿವೆ ಎಂದು ಅವಳಿಗೆ ಸಮಾಧಾನ ಹೇಳುವುದು, ಅಂಗಳಕ್ಕಿಳಿಯದ ಕೂಸಿಗೆ ಬೆಟ್ಟ ಹತ್ತು ಎಂದಂತೆ.

ಭಾಷೆಯ ವಿಷಯದಲ್ಲಂತೂ ಕನ್ನಡಿಗರು ಇನ್ನಷ್ಟು ಎಚ್ಚರವಾಗಿರಬೇಕು. ಈ ಯಂತ್ರಗಳು ಉಂಡು ಬೆಳೆದ ಪಠ್ಯದಲ್ಲಿ ಇಂಗ್ಲಿಷಿನದೇ ಸಿಂಹಪಾಲು. ಕನ್ನಡದ್ದು ಎಲೆಯ ತುದಿಯ ಉಪ್ಪಿನಷ್ಟು, ಅದರಲ್ಲೂ ಬಹುಪಾಲು ಸುದ್ದಿ ಮತ್ತು ಅನುವಾದ. ಹಾಗಾಗಿ ಅವು ಬರೆದುಕೊಡುವ ಸಂಭಾಷಣೆಯಲ್ಲಿ ಧಾರವಾಡದ ಅಜ್ಜಿಯೂ ಕುಂದಾಪುರದ ಮೀನು ಮಾರುವವಳೂ ಚಾಮರಾಜನಗರದ ಗೌಡನೂ ಒಂದೇ ಕನ್ನಡ ಆಡುತ್ತಾರೆ, ಅದು ಮೊಬೈಲ್ ಕಂಪನಿಯ ಸಂದೇಶದ ಕನ್ನಡ. ಧಾರಾವಾಹಿಗಳಿಗೆ ಮಾತು ಬರೆಯುವ ಸ್ನೇಹಿತರೊಬ್ಬರು ಈಗ ಹೊಸದಾಗಿ ಬರೆಯುವುದಕ್ಕಿಂತ, ಯಂತ್ರ ಬರೆದದ್ದನ್ನು ಮನುಷ್ಯರು ಆಡುವಂತೆ ತಿದ್ದುವ ಕೆಲಸವೇ ಹೆಚ್ಚಾಗಿದೆ ಎನ್ನುತ್ತಾರೆ. ಸಂಭಾವನೆ ತಿದ್ದುಪಡಿಯದು, ಶ್ರಮ ಬರವಣಿಗೆಯದು.

ದೋಶಿ ಮತ್ತು ಹೌಸರ್ ಅವರ ಅಧ್ಯಯನವನ್ನು ‘ಪರ’ದಲ್ಲಿ ಅರ್ಧಕ್ಕೇ ನಿಲ್ಲಿಸಿದ್ದೆ. ಅದರ ಉಳಿದರ್ಧ ಹೀಗಿದೆ: ಯಂತ್ರದ ಹೊಳಹು ಪಡೆದವರ ಕಥೆಗಳು ಬಿಡಿಯಾಗಿ ಚೆನ್ನಾಗಿದ್ದವು, ಆದರೆ ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದನ್ನೊಂದು ಹೆಚ್ಚು ಹೋಲುತ್ತಿದ್ದವು. ಒಬ್ಬೊಬ್ಬರಿಗೂ ಲಾಭ, ಊರಿಗೆ ನಷ್ಟ. ಕೆರೆಯಂಗಳದಲ್ಲಿ ಒಂದೊಂದು ನಿವೇಶನ ಮಾಡಿಕೊಂಡ ಬೆಂಗಳೂರಿನವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಬ್ಬಿಂಗ್‌ನ ಮಾತನ್ನು ಚುಟುಕಾಗಿ ಹೇಳುತ್ತೇನೆ. ದಶಕಗಳ ಕಾಲ ಕನ್ನ‌ಡಕ್ಕೆ ಡಬ್ಬಿಂಗ್ ಬಾರದಂತೆ ಉದ್ಯಮವೇ ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಸಲ್ಲದೆಂದು ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಕೆಲವು ಸಂಘಟನೆಗಳಿಗೆ ದಂಡ ವಿಧಿಸಿತು. ಆಮೇಲೆ ಅನುವಾದಕರಿಗೆ, ಕಂಠದಾನ ಕಲಾವಿದರಿಗೆ ಹೊಸ ಅನ್ನದ ದಾರಿ ತೆರೆಯಿತು. ಅದು ತೆರೆದು ಹತ್ತು ವರ್ಷವಾಗುವಷ್ಟರಲ್ಲಿ, ನಟನ ಸ್ವಂತ ಧ್ವನಿಯಲ್ಲೇ ಬೇರೆ ಭಾಷೆ ಆಡಿಸುವ ತಂತ್ರಾಂಶ ಬಂದು ಅದೇ ದಾರಿಯಲ್ಲಿ ನಿಂತಿದೆ.

ಧ್ವನಿಯ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮ. ಎ.ಆರ್. ರೆಹಮಾನ್ 2024ರಲ್ಲಿ ತಮಿಳು ಚಿತ್ರವೊಂದರ ಹಾಡಿಗೆ ತೀರಿಕೊಂಡ ಇಬ್ಬರು ಗಾಯಕರ ಧ್ವನಿಯನ್ನು ಯಂತ್ರದಿಂದ ಮರಳಿ ತಂದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟರು. ಅದು ಸಜ್ಜನಿಕೆ. ಅದೇ ವರ್ಷ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಕೇಳದೆ ಬಳಸಿದವರ ವಿರುದ್ಧ ಬಾಂಬೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಮೊದಲಿನದು ಸರಿ, ಎರಡನೆಯದು ತಪ್ಪು ಎಂದು ವಿಂಗಡಿಸಿ ಕೈತೊಳೆದುಕೊಳ್ಳುವುದು ಸುಲಭ. ನನಗಾದರೋ ಒಪ್ಪಿಗೆ ಪಡೆದ ಉದಾಹರಣೆಯಲ್ಲೂ ಒಂದು ಮುಳ್ಳು ಕಾಣುತ್ತದೆ: ಆ ದಿನ ಆ ಹಾಡಿಗೆ ಬದುಕಿರುವ ಒಬ್ಬ ಹೊಸ ಗಾಯಕ ಮೈಕಿನ ಮುಂದೆ ನಿಲ್ಲಬಹುದಾಗಿತ್ತು. ಸತ್ತವರು ನಿವೃತ್ತರಾಗದಿದ್ದರೆ ಹುಟ್ಟಿದವರಿಗೆ ಸರದಿ ಬರುವುದು ಯಾವಾಗ?

ಕಾನೂನು ಇನ್ನೂ ದಾರಿ ಹುಡುಕುತ್ತಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದ ತಿದ್ದುಪಡಿಯ ಪ್ರಕಾರ ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ. ಆ ಮಾತು ಬರೆದವರ ಕಣ್ಣ ಮುಂದೆ ಇಂದಿನ ಯಂತ್ರಗಳು ಇರಲಿಲ್ಲ. ಅವಕ್ಕೆ ಉಣಿಸಿದ ಲಕ್ಷಾಂತರ ಚಿತ್ರ, ಬರಹ, ಹಾಡುಗಳ ಕರ್ತೃಗಳಿಗೆ ಏನು ಎಂಬ ಪ್ರಶ್ನೆಯನ್ನು ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಒಯ್ದಿತು. 2025ರ ಡಿಸೆಂಬರ್‌ನಲ್ಲಿ ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆಯ ಸಮಿತಿ ಮುಂದಿಟ್ಟ ಪ್ರಸ್ತಾವ, ಕೃತಿಗಳನ್ನು ಯಂತ್ರಕ್ಕೆ ಉಣಿಸಲು ಕಡ್ಡಾಯ ಪರವಾನಗಿ ಕೊಟ್ಟು, ಬದಲಿಗೆ ಕರ್ತೃಗಳಿಗೆ ರಾಯಧನ ಸಲ್ಲುವಂತೆ ಮಾಡಬೇಕೆನ್ನುತ್ತದೆ. ದುಡ್ಡು ಬರಬಹುದು, ‘ನನ್ನದು ಬೇಡ, ಬಿಡಿ’ ಎನ್ನುವ ಹಕ್ಕು ಅದರಲ್ಲಿಲ್ಲ. ಅಮೆರಿಕದ ಚಿತ್ರಕಥೆಗಾರರು 2023ರಲ್ಲಿ 148 ದಿನ ಮುಷ್ಕರ ಹೂಡಿ ಕೆಲವು ಕಟ್ಟುಪಾಡುಗಳನ್ನಾದರೂ ಬರೆಸಿಕೊಂಡರು. ಮುಖಪುಟ ಬರೆಯುವ ಬೆಂಗಳೂರಿನ ಕಲಾವಿದರಿಗೆ ಒಟ್ಟಿಗೆ ಕಾಫಿ ಕುಡಿಯುವ ಸಂಘವೂ ಇಲ್ಲ.

ಹಾಗೆಂದು ನಾನು ಯಂತ್ರವನ್ನು ಮುಟ್ಟುವುದಿಲ್ಲ ಎಂದಲ್ಲ. ಬಣ್ಣ ಹೊಂದಿಸುವುದಕ್ಕೆ, ಹಳೆಯ ಫೋಟೋ ಶುದ್ಧಮಾಡುವುದಕ್ಕೆ ದಿನವೂ ಬಳಸುತ್ತೇನೆ, ಗುಟ್ಟೇನಿಲ್ಲ. ಈ ಜೂನ್‌ನಿಂದ ಕಲಿಯಲು ಬರುತ್ತಿರುವ ಹುಡುಗಿಗೆ ಮಾತ್ರ ಮೊದಲ ಆರು ತಿಂಗಳು ಕಂಪ್ಯೂಟರ್ ಇಲ್ಲ ಎಂದಿದ್ದೇನೆ. ಚೌಕ ಹಾಕುತ್ತಾಳೆ, ನನ್ನ ಆಕಾಶಗಳನ್ನು ಬಳಿಯುತ್ತಾಳೆ, ಎಂಟು ನೂರರಲ್ಲಿ ಪಾಲನ್ನೂ ಪಡೆಯುತ್ತಾಳೆ. ‘ಸಾರ್, ಇದು ಮುಗಿಯೋಷ್ಟರಲ್ಲಿ ಹೊರಗಡೆ ಕೆಲಸ ಉಳಿದಿರುತ್ತಾ?’ ಎಂದು ಮೊನ್ನೆ ಕೇಳಿದಳು. ಉತ್ತರ ಕೊಡದೆ ಬ್ರಷ್ ತೊಳೆಯಲು ಹೇಳಿದೆ, ನಮ್ಮ ಯಜಮಾನರು ನನಗೆ ಹೇಳುತ್ತಿದ್ದ ಹಾಗೆಯೇ.

ಹಿಂದಿನ ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಅಕ್ಕನೊಂದಿಗೆ ಕಛೇರಿ ಕೇಳಲು ಕೂತಿದ್ದೆ. ವೇದಿಕೆಯ ಮೇಲೆ ಹಾಡುವವರು, ಪಿಟೀಲು, ಮೃದಂಗ, ಘಟ. ಹಿಂದೆ, ಯಾರಾದರೂ ಕೂರಬಹುದಾಗಿದ್ದಲ್ಲಿ, ಕೆಂಪು ದೀಪ ಉರಿಯುವ ಪೆಟ್ಟಿಗೆ. ತೋಡಿ ರಾಗ ಏರುತ್ತಿದ್ದಂತೆ ನನ್ನ ಬಲಗೈ ಬೆರಳು ತಾನಾಗಿ ತೊಡೆಯ ಮೇಲೆ ಮೀಟತೊಡಗಿತ್ತು. ಅಕ್ಕ ವೇದಿಕೆಯಿಂದ ಕಣ್ಣು ತೆಗೆಯದೆಯೇ ನನ್ನ ಕೈ ಹಿಡಿದು ‘ಓಡಿಸಬೇಡ್ವೋ’ ಎಂದಳು.